ಪರದೆಯ ಬಲಗಡೆ

ರಿಪೇರಿ ಅಂಗಡಿಗೆ ಅವಳು ಮೊದಲ ಸಲ ಬಂದದ್ದು ಜಗಳಕ್ಕೆ.

ತೂಕದ ಯಂತ್ರವನ್ನು ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು, ಎದುರು ಸಾಲಿನ ಹಾಲಿನ ಡೇರಿಯಿಂದ ರಸ್ತೆ ದಾಟಿ ಬಂದವಳೇ ಅದನ್ನು ಮೇಜಿನ ಮೇಲೆ ಕುಕ್ಕಿದಳು.

"ನೀವು ಮಾಡಿಕೊಟ್ಟ ಮಷಿನ್ನು ಸುಳ್ಳು ಹೇಳ್ತಿದೆ."

ಅವನು ಹಳೆಯ ಟಿವಿಯೊಂದರ ಬೆನ್ನಿನೊಳಗೆ ತಲೆ ಹಾಕಿಕೊಂಡಿದ್ದ. ತಲೆ ಹೊರಗೆ ತೆಗೆಯದೆಯೇ ಹೇಳಿದ: "ಮಷಿನ್ನು ಸುಳ್ಳು ಹೇಳಲ್ಲ ಮೇಡಂ. ಅದರ ಮೇಲೆ ನಿಂತೋರು ಹೇಳ್ತಾರೆ."

"ಮೇಲೆ ನಿಂತಿದ್ದು ಹಾಲಿನ ಕ್ಯಾನು. ಅದಕ್ಕೆ ಬಾಯಿದೆ, ನಾಲಿಗೆ ಇಲ್ಲ."

ಮೂಲೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದ ಅವನ ಅಜ್ಜಿ ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಅವನು ತಲೆ ಹೊರಗೆಳೆದು ನೋಡಿದ.

ಎದುರಿಗಿದ್ದವಳ ಮುಂಗೈ ಮೇಲೆ ಹಾಲಿನ ಹನಿಗಳು ಒಣಗಿ ಬೆಳ್ಳಗೆ ಚುಕ್ಕಿಯಾಗಿದ್ದವು. ಒಂದು ಕಣ್ಣು ಕಿರಿದು ಮಾಡಿ ಅವನನ್ನೇ ಅಳೆಯುವಂತೆ ನೋಡುತ್ತಿದ್ದಳು. ಅದು ಅವಳ ಕೆಲಸದ ನೋಟ. ಸುತ್ತಲಿನವರು ತಂದ ಹಾಲಿಗೆ ಗಾಜಿನ ಕೊಳವೆ ಇಳಿಬಿಟ್ಟು, ಅದು ತೇಲಿ ನಿಂತ ಗೆರೆಯನ್ನು ಓದಿ, ಡಿಗ್ರಿ ಬಂತು, ಡಿಗ್ರಿ ಬರಲಿಲ್ಲ ಎಂದು ತೀರ್ಪು ಕೊಡುವವಳು ಅವಳೇ. ಒಂದು ಲೋಟ ನೀರು ಬೆರೆಸಿದವರೂ ಆ ಕಣ್ಣಿಗೆ ಸಿಕ್ಕಿಬೀಳುತ್ತಿದ್ದರು. ಹಾಗಾಗಿ ಊರು ಅವಳಿಗೆ 'ಡಿಗ್ರಿ' ಎಂದು ಹೆಸರಿಟ್ಟಿತ್ತು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಬರಬರುತ್ತ ಮುಖದೆದುರೇ ಕರೆದರು, ಅವಳೂ ಓಗೊಟ್ಟಳು.

ಅವನು ತೂಕದ ಯಂತ್ರವನ್ನು ಬೋರಲು ಹಾಕಿ, ಒಂದು ಕಾಲಿನ ಸಂದಿಯಿಂದ ಸಣ್ಣ ಬೆಣಚುಕಲ್ಲು ಕೆರೆದು ತೆಗೆದು ಅವಳ ಅಂಗೈಗೆ ಹಾಕಿದ.

"ತಗೊಳ್ಳಿ, ಸುಳ್ಳು ಹೇಳಿದ್ದು ಇದು."

ಅವಳು ಕಲ್ಲನ್ನೂ ಅವನನ್ನೂ ಒಮ್ಮೆ ನೋಡಿದಳು. ಕಿರಿದಾಗಿದ್ದ ಕಣ್ಣು ಅರಳಿತು. ನಗು ತುಟಿಗೆ ಬರುವ ಮೊದಲೇ ಕಣ್ಣಿನಲ್ಲಿ ಬಂದುಬಿಟ್ಟಿತ್ತು. ಅದನ್ನು ಬಚ್ಚಿಡಲು ಅವಳು ಟಿವಿಯ ಕಡೆ ತಿರುಗಿದಳು.

"ಜಗಳ ಮುಗೀತು ಅಂದ್ರೆ ಒಂದು ಸಹಾಯ ಮಾಡಿ," ಎಂದ ಅವನು. "ಈ ವಿಡಿಯೋ ಗೇಮ್ ಕಂಟ್ರೋಲರ್‌ಗೆ ಈಗಷ್ಟೇ ಬೆಸುಗೆ ಹಾಕಿದೀನಿ. ಇದೂ ಅದರ ಜೋಡೀದೂ ಒಟ್ಟಿಗೆ ನಡೆಯುತ್ತಾ ಅಂತ ಟೆಸ್ಟ್ ಮಾಡ್ಬೇಕು. ನನಗಿರೋದು ಎರಡೇ ಕೈ, ಅಜ್ಜಿ ಮುಟ್ಟಲ್ಲ."

"ಆ ಆಮೆ ನಾನ್ಯಾಕೆ ಮುಟ್ಟಲಿ?" ಎಂದಳು ಅಜ್ಜಿ. ಅಜ್ಜಿಗೆ ಕಂಟ್ರೋಲರ್ ಕೊನೆಯವರೆಗೂ ಆಮೆಯೇ.

ಡಿಗ್ರಿ ರಸ್ತೆಯ ಕಡೆ ನೋಡಿದಳು. ಕೊನೆಯ ಕ್ಯಾನು ಬಂದಾಗಿತ್ತು. ಇನ್ನು ಟ್ಯಾಂಕರ್ ಬರುವವರೆಗೆ ಅವಳಿಗೆ ಕೆಲಸವಿಲ್ಲ. ಆ ಟ್ಯಾಂಕರಿಗೆ ಗಡಿಯಾರವಿರಲಿಲ್ಲ, ಹಾರ್ನು ಮಾತ್ರ ಇತ್ತು. ಅವಳು ಮರದ ಬೆಂಚಿನ ಬಲತುದಿಯಲ್ಲಿ ಕೂತು ಕೈ ಚಾಚಿದಳು.

ಆಟದ ಹೆಸರು ಯಾವುದೋ ಪರಭಾಷೆಯದು, ನಾಲಿಗೆಗೆ ಹೊರಳುತ್ತಿರಲಿಲ್ಲ. ಅವರಿಬ್ಬರೂ ಅದನ್ನು ಕುರಿಯಾಟ ಎಂದೇ ಕರೆದರು. ಟಿವಿಯ ಪರದೆ ನಡುವೆ ಗೆರೆ ಎಳೆದಂತೆ ಎರಡಾಗುತ್ತದೆ. ಎಡ ಅರ್ಧದಲ್ಲಿ ಕೆಂಪು ಕಂಬಳಿಯ ಕುರುಬ, ಬಲ ಅರ್ಧದಲ್ಲಿ ನೀಲಿ ಕಂಬಳಿಯ ಕುರುಬಿತಿ. ಗುಡ್ಡದ ಮೇಲೆ ಚೆದುರಿದ ಕುರಿಗಳನ್ನು ಇಬ್ಬರೂ ತಮ್ಮತಮ್ಮ ದಾರಿಯಲ್ಲಿ ಒಟ್ಟು ಮಾಡಿಕೊಂಡು, ಸೇತುವೆಯ ಹತ್ತಿರ ಸೇರಿ, ಜೊತೆಯಾಗಿ ದಾಟಬೇಕು. ಒಬ್ಬರೇ ದಾಟುವಂತಿಲ್ಲ. ಕಮರಿಗೆ ಬಿದ್ದವರು ತಾವಾಗಿ ಏಳುವಂತೆಯೂ ಇಲ್ಲ. ಜೊತೆಗಾರ ಅಂಚಿಗೆ ಬಂದು, ಕೋಲು ಇಳಿಬಿಟ್ಟು, ಎಳೆದುಕೊಳ್ಳಬೇಕು. ಅಲ್ಲಿಯವರೆಗೆ ಬಿದ್ದವರು ಕೆಳಗೆ ಕೂತು ಮೇಲೆ ನೋಡುತ್ತಿರುತ್ತಾರೆ. ಎಷ್ಟು ಹೊತ್ತಾದರೂ ಸರಿಯೇ, ಆಟ ಅವಸರಿಸುವುದಿಲ್ಲ.

ಡಿಗ್ರಿ ಮೊದಲ ತಿರುವಿನಲ್ಲೇ ಬಿದ್ದಳು.

"ಏ, ಬಿದ್ದೆ ನೋಡು!" ಎಂದುಬಿಟ್ಟ ಅವನು. ಮೇಡಂ ಎನ್ನುವ ಮರ್ಯಾದೆಯೂ ಅವಳ ಜೊತೆಗೇ ಕಮರಿಗೆ ಬಿತ್ತು. ಅದನ್ನು ಇಬ್ಬರೂ ಎತ್ತಿಕೊಳ್ಳಲಿಲ್ಲ.

"ನಗಬೇಡ. ಎತ್ತು," ಎಂದಳು ಅವಳು.

"ತಡಿ, ಬಂದೆ. ಹೂಂ, ಕೋಲು ಹಿಡ್ಕೋ."

ಹೊರಗೆ ಟ್ಯಾಂಕರ್ ಹಾರ್ನು ಎರಡು ಸಲ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಅಜ್ಜಿಯೇ ಹೇಳಬೇಕಾಯಿತು.

*

ಅಂದಿನಿಂದ ಅದೊಂದು ರೂಢಿಯಾಯಿತು. ಸಂಜೆಯ ಹಾಲು ಮುಗಿಯುವುದು, ಅವಳು ಕೈ ತೊಳೆದುಕೊಂಡು ರಸ್ತೆ ದಾಟುವುದು, ಬೆಂಚಿನ ಬಲತುದಿಯಲ್ಲಿ ಕೂರುವುದು. ಅಂಗಡಿಯಲ್ಲಿ ಬೆಸುಗೆಯ ಹೊಗೆಯ ವಾಸನೆ. ಅವಳು ಬಂದ ಮೇಲೆ ಅದರ ಜೊತೆ ಕಾಯಿಸದ ಹಾಲಿನ ವಾಸನೆಯೂ ಸೇರುತ್ತಿತ್ತು. ಗಿರಾಕಿಗಳು ಬಂದರೆ ಅವನು, "ಟೆಸ್ಟಿಂಗ್ ನಡೀತಿದೆ" ಎನ್ನುತ್ತಿದ್ದ. ಒಂದು ಕಂಟ್ರೋಲರ್‌ಗೆ ಅಷ್ಟು ದೀರ್ಘವಾದ ಟೆಸ್ಟಿಂಗ್ ಲೋಕದಲ್ಲಿ ಎಲ್ಲಿಯೂ ನಡೆದಿರಲಾರದು.

ಅಜ್ಜಿ ಕೂರುತ್ತಿದ್ದದ್ದು ಟಿವಿಯ ಪಕ್ಕದಲ್ಲಿ, ಇವರ ಕಡೆ ಮುಖ ಮಾಡಿ. ಬಾಗಿಲಿನ ಬೆಳಕು ಅಲ್ಲಿಗೇ ಚೆನ್ನಾಗಿ ಬೀಳುತ್ತಿತ್ತು.

"ನಿಮಗೆ ಟಿವಿ ಕಾಣಲ್ವಲ್ಲ ಅಜ್ಜಿ, ಈ ಕಡೆ ಬನ್ನಿ," ಎಂದಳು ಡಿಗ್ರಿ ಒಮ್ಮೆ.

"ನನಗೆ ಕಾಣೋದು ಕಾಣುತ್ತೆ ಬಿಡೇ."

ಇಬ್ಬರೂ ಒಬ್ಬರನ್ನೊಬ್ಬರು ಬಯ್ಯುವುದಕ್ಕೆ ಲೆಕ್ಕವಿರಲಿಲ್ಲ. ಅವನು ಗುಡ್ಡ ಹತ್ತು ಎಂದರೆ ಅವಳು ಹಳ್ಳಕ್ಕೆ ಇಳಿಯುವಳು. "ಎತ್ತು ಏರಿಗೆ, ಕೋಣ ನೀರಿಗೆ," ಎಂದು ಅಜ್ಜಿ ಬಟಾಣಿ ಸಿಪ್ಪೆ ಬಿಸಾಡುವಳು.

"ಇದರಲ್ಲಿ ಕೋಣ ಯಾರು ಅಜ್ಜಿ?"

"ಕೇಳಿದೋನೇ."

ವಿಚಿತ್ರವೆಂದರೆ ಡಿಗ್ರಿ ಆಟದಲ್ಲಿ ಸುಧಾರಿಸಲೇ ಇಲ್ಲ. ಗಾಜಿನ ಕೊಳವೆಯ ಕೂದಲೆಳೆಯಂಥ ಗೆರೆ ಓದುವ ಕಣ್ಣಿಗೆ, ಪರದೆಯಲ್ಲಿ ಇಷ್ಟಗಲ ಬಾಯ್ತೆರೆದ ಕಮರಿ ಕಾಣುತ್ತಿರಲಿಲ್ಲ. ಬಟಾಬಯಲಿನಂಥ ದಾರಿಯಲ್ಲೂ ನೆಟ್ಟಗೆ ನಡೆದು ಹೋಗಿ ಬೀಳುವಳು. ಮೂರನೆಯ ಗುಡ್ಡದ ಒಂಟಿ ಮರದ ಹತ್ತಿರವಂತೂ ಬೀಳದೆ ಮುಂದೆ ಹೋದ ದಿನವೇ ಇಲ್ಲ.

"ಹಾಲು ನೋಡೋ ಕೈಗೆ ಕುರಿ ಕಾಯೋಕೆ ಬರಲ್ಲ ಬಿಡು," ಎಂದು ಅವನು ಛೇಡಿಸುವನು. "ನಿನ್ನ ಕುರಿಗಳೇ ನಿನ್ನ ನೋಡಿ ನಗ್ತಿವೆ."

"ನಗಲಿ. ಎತ್ತೋಕೆ ನೀನಿದೀಯಲ್ಲ."

ಅವಳು ಹಾಗೆ ಹೇಳಿ ಓರೆಗಣ್ಣಿನಿಂದ ಅವನತ್ತ ನೋಡುವಳು. ಅವನ ಕಣ್ಣು ಪರದೆಯ ಮೇಲೆ, ಎಡ ಅರ್ಧದ ಮೇಲೆ. ಕೋಲು ಇಳಿಬಿಡುವ ಕೆಲಸದಲ್ಲಿ ಅವನು ತುಂಬ ಶ್ರದ್ಧೆಯುಳ್ಳವನು. ಕೈಗೆ ಬಂದ ಕೆಲಸವನ್ನೆಲ್ಲ ಹಾಗೆಯೇ ಮಾಡುವವನು. ಆ ಒಂದು ಗುಣವೇ ಅವನ ಕಣ್ಣಿಗೆ ಕಟ್ಟಿದ ಪಟ್ಟಿಯೂ ಆಗಿತ್ತು.

ಹೀಗಿರುವಾಗ ಡೇರಿಗೆ ಹಾಲು ತಂಪಿಡುವ ದೊಡ್ಡ ಕೂಲರ್ ಬಂತು. ಸಂಜೆಯ ಹಾಲು ರಾತ್ರಿಯೆಲ್ಲ ಅದರಲ್ಲಿಯೇ ಇರತೊಡಗಿತು. ಟ್ಯಾಂಕರ್ ಬೆಳಿಗ್ಗೆಗೆ ತಿರುಗಿತು. ಸಂಜೆ ಕಾಯುವ ಕೆಲಸವೇ ಅವಳಿಗೆ ಇಲ್ಲವಾಯಿತು.

ಆದರೂ ಅವಳು ಬಂದಳು. "ಆ ಕೂಲರ್ ಸದ್ದಿಗೆ ತಲೆ ಸಿಡಿಯುತ್ತೆ. ಸ್ವಲ್ಪ ಹೊತ್ತು ಇಲ್ಲಿ ಕೂತು ಹೋಗ್ತೀನಿ," ಎಂದಳು.

ಕೂಲರ್ ಬಿಟ್ಟು ಹೋಗುವುದಾದರೆ ಮನೆಗೇ ಹೋಗಬಹುದಿತ್ತಲ್ಲ ಎಂದು ಅವನಿಗೆ ಹೊಳೆಯಲಿಲ್ಲ. "ಫ್ಯಾನಿನ ಬೇರಿಂಗ್ ಇರ್ಬೇಕು, ನಾಳೆ ಬಂದು ನೋಡ್ತೀನಿ," ಎಂದ. ಹೇಳಿದಂತೆಯೇ ಮಾರನೆಯ ದಿನ ಹೋಗಿ ಎಣ್ಣೆ ಬಿಟ್ಟು ಸದ್ದು ನಿಲ್ಲಿಸಿಯೂ ಬಂದ.

ಆ ಸಂಜೆಯೂ ಅವಳು ಬಂದಳು. ಈ ಸಲ ಕಾರಣ ಹೇಳಲಿಲ್ಲ. ಅವನೂ ಕೇಳಲಿಲ್ಲ.

*

ಕುರಿಯಾಟದ ಹೊಸ ಭಾಗ ಬರುತ್ತದೆಂದು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಬಂದ ದಿನ ಪೆಟ್ಟಿಗೆ ಒಡೆಯದೆ ಇಟ್ಟುಕೊಂಡಿದ್ದು, ಅವಳು ಬಂದು ಕೂತ ಮೇಲೆಯೇ ಒಡೆದ. ಗುಡ್ಡ ಎಷ್ಟು ಚೆನ್ನಾಗಿತ್ತೆಂದರೆ, ಹುಲ್ಲು ಗಾಳಿಗೆ ಮಲಗಿ ಏಳುವುದು ಕಾಣುತ್ತಿತ್ತು. ಕುರಿಗಳ ಉಣ್ಣೆ ಎಳೆಯೆಳೆಯಾಗಿ ಹೊಳೆಯುತ್ತಿತ್ತು. ಕೆಂಪು ಕಂಬಳಿಯವನು ಎದ್ದು ನಿಂತ. ಇಡೀ ಪರದೆಯಲ್ಲಿ ಅವನೊಬ್ಬನೇ.

"ನಾನೆಲ್ಲಿ?" ಎಂದಳು ಡಿಗ್ರಿ.

"ತಡಿ, ನಿನ್ನ ಕಂಟ್ರೋಲರ್ ತಗೊಂಡಿಲ್ಲ ಅನ್ಸುತ್ತೆ."

ತಂತಿ ಬಿಚ್ಚಿ ಹಾಕಿದ. ಊದಿದ. ಆಮೇಲೆ ಕಂಟ್ರೋಲರನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು, ಗುಂಡಿಗಳ ಕೆಳಗಿನ ರಬ್ಬರ್ ಒರೆಸಿ, ಚೆನ್ನಾಗಿಯೇ ಇದ್ದ ಬೆಸುಗೆಯ ಮೇಲೆ ಇನ್ನೊಂದು ಬೆಸುಗೆ ಹಾಕಿದ. ಮತ್ತೆ ಜೋಡಿಸಿದ. ಗುಡ್ಡದ ಮೇಲೆ ಕೆಂಪು ಕಂಬಳಿಯವನು ಒಬ್ಬನೇ ನಿಂತು ಕಾಯುತ್ತಿದ್ದ.

ಅಷ್ಟರಲ್ಲಿ ಅವಳು ಪೆಟ್ಟಿಗೆಯ ಬೆನ್ನು ತಿರುಗಿಸಿ, ಒಂದು ಕಣ್ಣು ಕಿರಿದು ಮಾಡಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದುತ್ತಿದ್ದಳು.

"ಬಿಚ್ಚಬೇಡ ಬಿಡು. ಕೆಟ್ಟಿಲ್ಲ ಅದು," ಎಂದಳು. "ಇದರಲ್ಲಿ ಒಂದು ಟಿವಿಗೆ ಒಬ್ಬರೇ ಅಂತೆ. ಎರಡನೆಯೋರು ಅವರ ಮನೇಲಿ, ಅವರ ಟಿವಿ ಮುಂದೆ ಕೂತು ಆನ್‌ಲೈನ್ ಬರಬೇಕಂತೆ."

"ಛೇ, ಹಾಗೆಲ್ಲಾದ್ರೂ ಇರುತ್ತಾ? ಜೊತೆ ಆಟ ಇದು."

"ಈಗಿನ ಆಟ ಎಲ್ಲಾ ಹಾಗೇ ಬರ್ತಿವೆಯಂತೆ. ಡೇರಿಗೆ ಬರೋ ಹುಡುಗರು ಹೇಳ್ತಿದ್ರು."

ಅವನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು. ಕೆಡದೆಯೇ, ಬೇಕೆಂದೇ ಹೀಗೆ ಮಾಡಿ ಕಳಿಸಿದ್ದನ್ನು ಏನು ಮಾಡುವುದು? ಅಂಗಡಿ ತೆರೆದ ಮೇಲೆ ಮೊದಲ ಬಾರಿಗೆ ಅವನ ಕೈಗೆ ಕೆಲಸವಿರಲಿಲ್ಲ.

"ಹಳೇದನ್ನೇ ಆಡೋಣ," ಎಂದಳು ಅವಳು. ಮೆಲ್ಲಗೆ, ಪೆಟ್ಟಿಗೆಯನ್ನು ನೋಡುತ್ತ ಹೇಳಿದಳು.

"ಹಳೇದು ಎಷ್ಟು ಅಂತ ಆಡ್ತೀಯ? ಆ ಒಂಟಿ ಮರದ ಹತ್ರ ಬಿದ್ದೂ ಬಿದ್ದೂ ನಿನಗೆ ಬೇಜಾರಾಗಿಲ್ವಾ?"

"ಇಲ್ಲ."

"ನನಗೆ ಬಿಡು, ನಾನು ನೋಡ್ಕೋತೀನಿ." ಅವನ ಮುಖದಲ್ಲಿ ಆಗಲೇ ಹೊಸ ಹುಮ್ಮಸ್ಸು. "ಅಟ್ಟದಲ್ಲಿ ಒಂದು ಸತ್ತ ಗೇಮ್ ಮಷಿನ್ನಿದೆ. ಅದಕ್ಕೆ ಜೀವ ಕೊಡ್ತೀನಿ. ನಿಮ್ಮನೇಲೇ ಕೂರಿಸಿಬಿಡೋಣ. ರಸ್ತೆ ದಾಟೋದೂ ಬೇಡ, ಅಜ್ಜಿ ಹತ್ರ ಬೈಸಿಕೊಳ್ಳೋದೂ ಬೇಡ, ಆರಾಮಾಗಿ ಕೂತು ಆಡಬಹುದು."

ಡಿಗ್ರಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಅಜ್ಜಿ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಮೊಮ್ಮಗನ ಮುಖ ನೋಡಿದಳು. ಅನ್ನುವ ಮಾತು ಬಾಯಿಗೆ ಬಂದಿತ್ತು; ನುಂಗಿಕೊಂಡಳು.

*

ಅವನು ಅದಕ್ಕೆ ಪಟ್ಟ ಪಾಡು ದೊಡ್ಡದು. ಯಾರಿಗಾದರೂ ಹೂವು ಕೊಡುವಂತೆ ಅವನು ಅವಳಿಗೆ ಒಂದು ಯಂತ್ರ ಕಟ್ಟಿದ. ಮೂರು ಮುರುಕಲುಗಳಿಂದ ಒಳ್ಳೆಯ ಭಾಗ ಆರಿಸಿದ, ಫ್ಯಾನು ಬದಲಿಸಿದ, ಮೇಲಿನ ಕವಚಕ್ಕೆ ನೀಲಿ ಬಣ್ಣ ಬಳಿದು ಎರಡು ದಿನ ನೆರಳಲ್ಲಿ ಒಣಗಿಸಿದ. ಮನಸ್ಸಿನಲ್ಲಿದ್ದುದನ್ನೆಲ್ಲ ಅದರೊಳಗೇ ಇಟ್ಟು ಸ್ಕ್ರೂ ತಿರುಗಿಸಿದ. ಬಾಯಿಂದ ಹೇಳಬೇಕಾದದ್ದು ಇನ್ನೂ ಉಳಿದಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

"ಬರೋ ರಜೆ ದಿನ ನಿಮ್ಮನೆಗೆ ಬರ್ತೀನಿ. ಅಣ್ಣ ಇರ್ತಾರಾ?" ಎಂದು ಕೇಳಿದ.

ಅವಳು ತಟಕ್ಕನೆ ತಲೆಯೆತ್ತಿದಳು. "ಅಣ್ಣ ಯಾಕೆ ಇರ್ಬೇಕು?"

"ಇರಲಿ ಅಂತ. ಎಲ್ಲರ ಎದುರಿಗೇ ಆದ್ರೆ ಒಳ್ಳೇದಲ್ವಾ?"

ಅವನ ಲೆಕ್ಕ ಇಷ್ಟೇ: ಗೋಡೆಗೆ ಮೊಳೆ ಹೊಡೆಯಬೇಕಾದರೆ ಮನೆ ಯಜಮಾನ ಇರಬೇಕು. ಅವಳ ಕಿವಿ ಕೆಂಪಾದದ್ದನ್ನು ಅವನು ನೋಡಲಿಲ್ಲ, ಕಂಟ್ರೋಲರ್ ತಂತಿ ಸುತ್ತುತ್ತಿದ್ದ.

ಅವಳ ಮನೆಯಲ್ಲಿ ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಿಗೇ ಬಂದ. ಅತ್ತಿಗೆ ಚಿನ್ನದ ಗೆರೆಯ ಕಪ್ಪುಗಳನ್ನು ಹೊರತೆಗೆದಿದ್ದಳು. ಅವನ ಕಪ್ಪಿನ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಡಿಗ್ರಿ ತಲೆ ಬಾಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಮುಂಗೈಯಲ್ಲಿ ಹಾಲಿನ ಚುಕ್ಕಿ ಒಂದೂ ಇರಲಿಲ್ಲ. ಅವನಿಗೆ ಅವಳು ಬೇರೆ ಯಾರೋ ಎನಿಸಿ ಮಾತು ಇನ್ನಷ್ಟು ಕಡಿಮೆಯಾಯಿತು.

ಚಹಾ ಕುಡಿದು ಅವನು ಚೀಲ ಬಿಚ್ಚಿದ. ಯಂತ್ರ ತೆಗೆದ. ಮನೆಯವರು ಮುಖ ಮುಖ ನೋಡಿಕೊಂಡರು. ಅವನು ಮೊಳೆ ಹೊಡೆದು, ತಂತಿ ಎಳೆದು, ಟಿವಿಗೆ ಸಿಕ್ಕಿಸಿ, ಗುಡ್ಡ ತೋರಿಸಿದ.

"ಚೆನ್ನಾಗಿದೆ," ಎಂದ ಅಣ್ಣ. ಸ್ವಲ್ಪ ತಡೆದು, "ಮತ್ತೆ... ಬೇರೇನಾದ್ರೂ ಹೇಳೋದಿತ್ತಾ?"

"ಹಾಂ, ಇತ್ತು," ಎಂದ ಅವನು.

ಅತ್ತಿಗೆ ಬಾಗಿಲ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಕಿಟಕಿಯ ಹತ್ತಿರ ನಿಂತವಳು ಉಸಿರು ಬಿಗಿಹಿಡಿದಳು.

"ಸ್ವಿಚ್ ಆಫ್ ಮಾಡದೆ ಪ್ಲಗ್ ಕೀಳಬೇಡಿ. ಒಳಗೆ ಸುಟ್ಟು ಹೋಗುತ್ತೆ."

ಅವನನ್ನು ಕಳಿಸಿಕೊಡಲು ಡಿಗ್ರಿ ಅಂಗಳದವರೆಗೆ ಬಂದಳು. "ಇದರ ವೈರು ಉದ್ದ ಇದ್ಯಾ?" ಎಂದು ಕೇಳಿದಳು.

"ಯಾಕೆ?"

"ನಿನ್ನ ಅಂಗಡಿವರೆಗೂ ಬರುತ್ತಾ ಅಂತ."

"ವೈರು ಯಾಕೆ? ಸಿಗ್ನಲ್ ಸಾಕು," ಎಂದ ಅವನು ಸಮಾಧಾನದಿಂದ.

*

ಹೊಸ ಆಟದಲ್ಲಿ ಡಿಗ್ರಿ ಬೀಳಲಿಲ್ಲ.

ಮೊದಲ ದಿನ ಅವನು ಆಶ್ಚರ್ಯಪಟ್ಟ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು. ಹಿಂದೆ ಅವಳ ಅತ್ತಿಗೆ ಪಾತ್ರೆ ತೊಳೆಯುವ ಸದ್ದು.

"ಎಲ್ಲಿದೀಯ?"

"ಸೇತುವೆ ಹತ್ರ."

"ಆಗಲೇ? ಕುರಿ?"

"ಎಲ್ಲಾ ಬಂದಿವೆ. ಕಾಯ್ತಿದೀನಿ."

ಅವಳು ಯಾವ ದಾರಿಯಲ್ಲಿ ಬಂದಳು, ಎಲ್ಲಿ ಎಡವಿದಳು, ಯಾವ ಕುರಿಯ ಹಿಂದೆ ಸುತ್ತಿದಳು ಎಂದು ಅವನಿಗೆ ಕಾಣುತ್ತಿರಲಿಲ್ಲ. ಅವನ ಪರದೆಯ ತುಂಬ ಅವನದೇ ಗುಡ್ಡ. ಸೇತುವೆಗೆ ಬಂದಾಗ ಮಾತ್ರ ನೀಲಿ ಕಂಬಳಿ ದೂರದಲ್ಲಿ ಹುಲ್ಲುಕಡ್ಡಿಯಷ್ಟು ಕಾಣಿಸುವುದು. ಬೆಂಚಿನ ಬಲತುದಿಗೆ ಅವನು ಗಿರಾಕಿಗಳ ಮಿಕ್ಸಿಗಳನ್ನು ಪೇರಿಸಿಟ್ಟ, ಜಾಗ ಸುಮ್ಮನೆ ಯಾಕೆ ಖಾಲಿ ಇರಬೇಕೆಂದು.

"ಕೋಲು ಬೇಕಾ?" ಎಂದು ಅವನು ಕೇಳುವನು.

"ಬೇಡ."

ಆ ಹೊಸ ಆಟದಲ್ಲಿ ಕೋಲೇ ಬೇಕಿರಲಿಲ್ಲ. ಬಿದ್ದವರು ರಬ್ಬರ್ ಚೆಂಡಿನಂತೆ ತಾವೇ ಪುಟಿದು ಮೇಲೆ ಬರುತ್ತಿದ್ದರು. ಆದರೂ ಅವನ ಮನಸ್ಸಿನಲ್ಲಿ ಹುಳ ಹೊಕ್ಕಿತು. ಇಷ್ಟು ದಿನ ಬಾರದ ಆಟ ಈಗ ಹೇಗೆ ಬಂತು? ಯಾರು ಕಲಿಸಿದರು? ಒಂದು ಸಂಜೆ ಗಿರಾಕಿಯೊಬ್ಬರಿಂದ ತಡವಾಗಿ ಆಟಕ್ಕೆ ಬಂದರೆ, ಜಾಗ ತುಂಬಿದೆ, ನೋಡುತ್ತಿರಿ ಎಂದಿತು ಆಟ; ಅವಳ ಜೊತೆ ಆಗಲೇ ಯಾವನೋ ಹಸಿರು ಕಂಬಳಿಯವನು ನಡೆಯುತ್ತಿದ್ದ. ಹೆಸರು ಮುಖ ಒಂದೂ ಇಲ್ಲದವನು. ಅವಳು ಅವನ ಪಕ್ಕದಲ್ಲಿ ಬೀಳದೆ, ತಡವರಿಸದೆ, ನೆಟ್ಟಗೆ ಸಾಗುತ್ತಿದ್ದಳು.

ಅವನು ಹೆಡ್‌ಫೋನ್ ತೆಗೆದಿಟ್ಟ. ಮಾರನೆಯ ದಿನ ಹಾಕಿಕೊಳ್ಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಎದುರಿನ ಡೇರಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು, ನಡುವೆ ಇದ್ದದ್ದು ಒಂದು ರಸ್ತೆ. ಆದರೆ ಯಾರಿಗೂ ಬೇಡವಾದವನು ಯಾಕೆ ರಸ್ತೆ ದಾಟಬೇಕು ಎಂದು ಬಿಮ್ಮನೆ ಕೂತ. ಅವಳಿಗೂ ಅಂಥದೇ ಒಂದು ಬಿಮ್ಮು. ಅಂಗಡಿ ಬಾಗಿಲ ಮುಂದೆ ಹಾದು ಹೋಗುವಾಗ ಚಪ್ಪಲಿ ನೋಡಿಕೊಂಡು ಹೋಗುವಳು.

"ಆ ಹುಡುಗಿ ಬರಲ್ವೇನೋ ಈಗ?" ಎಂದು ಅಜ್ಜಿ ಕೇಳಿದಳು.

"ಮನೇಲೇ ಆಡ್ತಾಳೆ. ಚೆನ್ನಾಗಿ ಆಡ್ತಾಳೆ. ಬೀಳೋದೇ ಇಲ್ಲ."

"ಬೀಳೋದೇ ಇಲ್ವಾ?" ಅಜ್ಜಿ ಬಟಾಣಿಯ ಮೊರ ಪಕ್ಕಕ್ಕಿಟ್ಟಳು. "ಅಯ್ಯೋ ಪಾಪ," ಎಂದಳು. ಪಾಪ ಯಾರು ಎಂದು ಅವನು ಕೇಳಲಿಲ್ಲ.

*

ಸುದ್ದಿ ತಂದದ್ದು ಅತ್ತಿಗೆ, ಮಿಕ್ಸಿಯ ಜೊತೆ.

"ಬ್ಲೇಡು ತಿರುಗ್ತಿಲ್ಲ, ಬೇಗ ಮಾಡಿಕೊಡಿ. ಮದುವೆ ಮನೆ," ಎಂದಳು. ಅವನ ಮುಖ ನೋಡಿ ಅವಳಿಗೇ ಏನೋ ಆಗಿ, ದನಿ ತಗ್ಗಿಸಿದಳು. "ನಮ್ಮ ಹುಡುಗೀದು. ದೊಡ್ಡ ಡೇರೀಲಿ ಕೆಲಸ ಅವರಿಗೆ. ಒಳ್ಳೆಯವರು."

ಅವನು ಮಿಕ್ಸಿ ಬಿಚ್ಚಿದ. ಒಳಗೆ ಕೆಟ್ಟದ್ದೇನೂ ಕಾಣಲಿಲ್ಲ. ಕಣ್ಣು ಮಂಜಾದವನಿಗೆ ಕೆಟ್ಟದ್ದು ಹೇಗೆ ಕಂಡೀತು?

ಅದಾದ ಕೆಲವು ದಿನಕ್ಕೆ ಅವಳೇ ಬಂದಳು. ಸಂಜೆಯ ಹಾಲು ಮುಗಿದಿತ್ತು. ಡೇರಿಯಲ್ಲಿ ಅವಳ ಕೊನೆಯ ಸಂಜೆ. ಚೀಲದಿಂದ ನೀಲಿ ಯಂತ್ರ ತೆಗೆದು, ತೂಕದ ಯಂತ್ರ ಕುಕ್ಕಿದ್ದ ಅದೇ ಮೇಜಿನ ಮೇಲೆ, ಈ ಸಲ ಸದ್ದಾಗದಂತೆ ಇಟ್ಟಳು.

"ವಾಪಸ್ ಕೊಡೋಣ ಅಂತ ಬಂದೆ. ಅಲ್ಲಿ ಜಾಗ ಇಲ್ಲ."

"ಅವರು ಆಡಲ್ವಾ?"

"ಆಡ್ತಾರೆ. ಫೋನಲ್ಲಿ, ಒಬ್ಬರೇ." ಅವಳು ಬೆಂಚಿನ ಕಡೆ ನೋಡಿದಳು. "ನನ್ನ ಜಾಗಕ್ಕೆ ಮಿಕ್ಸಿ ಕೂತಿವೆಯಲ್ಲ."

ಅವನು ಅವಸರವಸರವಾಗಿ ಮಿಕ್ಸಿಗಳನ್ನು ಎತ್ತಿ ನೆಲಕ್ಕಿಟ್ಟ. ಒಂದರ ಮುಚ್ಚಳ ಉರುಳಿ ಬಾಗಿಲವರೆಗೂ ಹೋಯಿತು. ಇಬ್ಬರೂ ಅದು ನಿಲ್ಲುವವರೆಗೆ ನೋಡಿದರು.

"ಒಂದಾಟ?" ಎಂದ. "ಹಳೇದು."

"ಅಣ್ಣ ಕರಕೊಂಡು ಹೋಗೋಕೆ ಬರ್ತಾನೆ. ಅಲ್ಲಿವರೆಗೆ."

ಪರದೆ ನಡುವೆ ಗೆರೆ ಎಳೆದಂತೆ ಎರಡಾಯಿತು. ಕೆಂಪು, ನೀಲಿ. ಅವಳ ಮೊಣಕೈ ಅವನ ಮೊಣಕೈಗೆ ತಗುಲಿತು. ಎಷ್ಟೋ ದಿನಗಳ ಮೇಲೆ ಅಂಗಡಿಯಲ್ಲಿ ಕಾಯಿಸದ ಹಾಲಿನ ವಾಸನೆ. ಮೊದಲ ಗುಡ್ಡ ದಾಟಿದರು, ಎರಡನೆಯದನ್ನು ದಾಟಿದರು. ಮೂರನೆಯ ಗುಡ್ಡದ ಒಂಟಿ ಮರ ಬಂತು.

ಇದು ಕೊನೆಯ ಸಲ. ಅವಳು ಹೇಗೆ ಬೀಳುತ್ತಾಳೆ ನೋಡೋಣವೆಂದು, ಇಷ್ಟು ಕಾಲದಲ್ಲಿ ಒಮ್ಮೆಯೂ ಮಾಡದ ಕೆಲಸವನ್ನು ಅವನು ಮಾಡಿದ. ತನ್ನ ಅರ್ಧದಿಂದ ಕಣ್ಣು ಕಿತ್ತು ಪರದೆಯ ಬಲಗಡೆ ನೋಡಿದ.

ಅಲ್ಲೊಂದು ಬೇರೆಯೇ ಗುಡ್ಡವಿತ್ತು. ಅವನು ಕಾಣದ ಹಳ್ಳ, ಕಾಣದ ಹೂವು, ಅವಳ ಹಿಂದೆ ಗುಂಪಾಗಿ ಬರುವ ಕುರಿಗಳು. ಅವುಗಳಲ್ಲೊಂದು ಕುಂಟುತ್ತಿತ್ತು. ಇಷ್ಟು ದಿನ ಅವಳ ಹತ್ತಿರ ಒಂದು ಕುಂಟು ಕುರಿ ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ನೀಲಿ ಕಂಬಳಿಯವಳು ಮರದ ಕೆಳಗೆ ನಿಂತು...

"ಬಿದ್ದೆ," ಎಂದಳು ಡಿಗ್ರಿ.

ಬಿದ್ದದ್ದು ಅವನು. ಅವನ ಕೆಂಪು ಕಂಬಳಿಯವನು ನೆಟ್ಟಗೆ ನಡೆದು ಹೋಗಿ, ಬಟಾಬಯಲಿನಲ್ಲಿ, ಕಮರಿಗೆ ಬಿದ್ದಿದ್ದ. ಎಷ್ಟೋ ವರ್ಷದ ಆಟದಲ್ಲಿ ಮೊದಲ ಸಲ.

ಅವನು ಪರದೆ ಬಿಟ್ಟು ಅವಳತ್ತ ತಿರುಗಿದ. ಅವಳು ಅವನ ಅರ್ಧವನ್ನೇ ನೋಡುತ್ತಿದ್ದಳು. ಎರಡು ಕಣ್ಣೂ ಅರಳಿಸಿ, ತುಂಬ ಹಳೆಯ ಅಭ್ಯಾಸವಿದ್ದವರಂತೆ.

"ಈಗ ಗೊತ್ತಾಯ್ತಾ, ನಾನ್ಯಾಕೆ ಬೀಳ್ತಿದ್ದೆ ಅಂತ?" ಎಂದಳು.

ಅವನು ಒಂಟಿ ಮರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ನಿನ್ನ ಕಡೆ ನೋಡ್ತಾ ನೋಡ್ತಾ ನನ್ನ ದಾರಿ ಮರೆತುಹೋಗ್ತಿತ್ತು. ಮನೇಲಿ ಕೂತು ಆಡಿದಾಗ ನಿನ್ನ ಕಡೆ ಅನ್ನೋದೇ ಇರಲಿಲ್ಲ. ಅದಕ್ಕೆ ಬೀಳಲಿಲ್ಲ."

"ಆ ಹಸಿರು ಕಂಬಳಿಯವನು?"

"ಯಾರೋ. ನೀನು ತಡ ಮಾಡಿದ್ರೆ ಆ ಆಟ ಯಾರನ್ನೋ ತಂದು ಪಕ್ಕಕ್ಕೆ ನಿಲ್ಲಿಸುತ್ತೆ. ನಾನು ಕರೀಲಿಲ್ಲ." ಅವಳು ಸಣ್ಣಗೆ ನಕ್ಕಳು. "ನೀನು ಅದಕ್ಕೆ ಸಿಟ್ಟು ಮಾಡಿಕೊಂಡಿದ್ದಾ?"

"ಒಂದು ಮಾತು ಹೇಳಬಹುದಿತ್ತಲ್ಲ ನೀನು."

"ಹೇಳಿದ್ದೆನಲ್ಲ. ಹಳೇದನ್ನೇ ಆಡೋಣ ಅಂದೆ. ಟ್ಯಾಂಕರ್ ನಿಂತ ಮೇಲೂ ಬಂದೆ. ನೀನು ಕೂಲರ್ ರಿಪೇರಿ ಮಾಡಿದೆ. ಆಮೇಲೂ ಬಂದೆ. ಇನ್ನೆಷ್ಟು ಬಾಯಿಬಿಟ್ಟು ಹೇಳಬೇಕಿತ್ತು? ಆ ದಿನ ನೀನು ಮನೆಗೆ ಬಂದಾಗ ಅಣ್ಣ ಇಸ್ತ್ರಿ ಅಂಗಿ ಹಾಕ್ಕೊಂಡಿದ್ದು ಯಾಕೆ ಅಂದ್ಕೊಂಡೆ? ಅತ್ತಿಗೆ ಹೊಸ ಕಪ್ಪು ತಂದಿದ್ರು. ಎಲ್ಲರ ಎದುರಿಗೇ ಆಗಲಿ ಅಂದೋನು ನೀನೇ. ನೀನು ಬಂದು ಮೊಳೆ ಹೊಡೆದು ಹೋದೆ."

ಅಜ್ಜಿಯ ಕೈಯಲ್ಲಿ ಬಟಾಣಿ ಕೋಡು ಬಿರಿಯದೆ ಹಾಗೆಯೇ ಇತ್ತು.

"ಈಗ ನಾನು ಬಂದು ಅಣ್ಣನ ಹತ್ರ ಮಾತಾಡಿದ್ರೆ?" ಎಂದ ಅವನು. "ಇವತ್ತೇ. ಈಗಲೇ."

ಅವಳು ಪರದೆಯ ಕಡೆ ತಿರುಗಿದಳು. ಪರದೆಯ ಎಡಗಡೆ, ಕಮರಿಯ ತಳದಲ್ಲಿ ಕೂತು ಅವನ ಕುರುಬ ಮೇಲೆ ನೋಡುತ್ತಿದ್ದ.

"ಒಡೆದ ಹಾಲಿಗೆ ಡಿಗ್ರಿ ಹಿಡಿಯಲ್ಲ, ರಿಪೇರಿ," ಎಂದಳು. ಅವಳು ಅವನನ್ನು 'ರಿಪೇರಿ' ಎಂದು ಕರೆದದ್ದು ಅದೇ ಮೊದಲು, ಅದೇ ಕೊನೆ. "ಅವರು ಬಂದರು, ಕೇಳಿದ್ರು. ನಾನೇ ಹೂಂ ಅಂದೆ, ಯಾರೂ ಬಲವಂತ ಮಾಡಲಿಲ್ಲ. ಹೂಂ ಅಂದ ಮಾತಿಗೆ ಈಗ ನೀರು ಬೆರೆಸೋದು ನನ್ನ ಕೈಲಾಗಲ್ಲ. ಊರೋರ ಹಾಲೆಲ್ಲ ವಾಪಸ್ ಕಳಿಸಿದೋಳು ನಾನು."

ಅವಳು ನೀಲಿ ಕಂಬಳಿಯವಳನ್ನು ಕಮರಿಯ ಅಂಚಿಗೆ ತಂದಳು. ಗುಂಡಿ ಒತ್ತಿದಳು.

"ಕೋಲು ಹಿಡ್ಕೋ," ಎಂದಳು.

ಅವನು ಹಿಡಿದುಕೊಂಡ. ಅವಳು ಎಳೆದುಕೊಂಡಳು. ಎರಡು ಅರ್ಧದಲ್ಲೂ ಒಂದೇ ಜಾಗ ಕಾಣುತ್ತಿತ್ತು: ಒಂಟಿ ಮರ, ಅದರ ಕೆಳಗೆ ಅಕ್ಕಪಕ್ಕ ನಿಂತ ಕೆಂಪು ಮತ್ತು ನೀಲಿ, ಸುತ್ತಲೂ ಕುರಿ. ಇಬ್ಬರೂ ಗುಂಡಿ ಒತ್ತಲಿಲ್ಲ. ಮುಂದೆ ಸೇತುವೆ ಇತ್ತು.

ಹೊರಗೆ ಅಣ್ಣನ ಸ್ಕೂಟರಿನ ಹಾರ್ನು ಕೇಳಿಸಿತು. ಈ ಸಲ ಇಬ್ಬರಿಗೂ ಕೇಳಿಸಿತು.

ಅವಳು ಕಂಟ್ರೋಲರನ್ನು ಬೆಂಚಿನ ಮೇಲೆ, ತಾನು ಕೂತಿದ್ದ ಜಾಗದಲ್ಲಿ ಇಟ್ಟಳು. ಅಜ್ಜಿಯ ಹತ್ತಿರ ಬಗ್ಗಿ ಎರಡೂ ಕೈ ಹಿಡಿದುಕೊಂಡಳು. "ನೀವಾದ್ರೂ ಹೇಳಬಾರದಿತ್ತಾ ಅಜ್ಜಿ? ನಿಮಗೆ ಕಾಣ್ತಿತ್ತಲ್ಲ."

"ಕಾಣ್ತಿತ್ತು ಮಗಳೇ," ಎಂದಳು ಅಜ್ಜಿ. "ಇಷ್ಟು ಎದ್ದು ಕಾಣೋದು ಅವನಿಗೂ ಕಾಣ್ತಿರುತ್ತೆ ಅಂದ್ಕೊಂಡೆ."

ಬಾಗಿಲಲ್ಲಿ ಅವಳು ಒಮ್ಮೆ ತಿರುಗಿ, ಒಂದು ಕಣ್ಣು ಕಿರಿದು ಮಾಡಿ, ಗೆರೆ ಓದುವಂತೆ ಅವನನ್ನು ನೋಡಿದಳು. ಏನು ಓದಿದಳೋ, ಹೇಳಲಿಲ್ಲ. ಸ್ಕೂಟರಿನ ಸದ್ದು ಡೇರಿ ದಾಟಿತು, ತಿರುವು ದಾಟಿತು.

ಅವನು ಟಿವಿಯ ಮುಂದೆಯೇ ಕೂತಿದ್ದ. ಬಲಗಡೆ ನೀಲಿ ಕಂಬಳಿಯವಳು ಮರದ ಕೆಳಗೆ ನಿಂತಿದ್ದಳು. ಯಾರೂ ನಡೆಸದೆ ಹೋದರೆ ಆ ಆಟದಲ್ಲಿ ಜನ ಸುಮ್ಮನೆ ನಿಲ್ಲುವುದಿಲ್ಲ: ಒಮ್ಮೆ ಕಂಬಳಿ ಸರಿಮಾಡಿಕೊಳ್ಳುತ್ತಾರೆ, ಒಮ್ಮೆ ಅತ್ತಿತ್ತ ನೋಡುತ್ತಾರೆ. ಅವಳೂ ನೋಡುತ್ತಿದ್ದಳು. ಕುಂಟು ಕುರಿ ಅವಳ ಕಾಲಬಳಿ ಮಲಗಿತು.

ಅವನು ತನ್ನ ಕಂಟ್ರೋಲರ್ ಕೈಗೆತ್ತಿಕೊಂಡ. ಕಣ್ಣು ಬಲಗಡೆಯ ಅರ್ಧದ ಮೇಲೇ ಇಟ್ಟು, ಕೆಂಪು ಕಂಬಳಿಯವನನ್ನು ನೆಟ್ಟಗೆ ನಡೆಸಿದ. ಎಡಗಡೆ ಕಮರಿ ಬಂತು. ಅವನು ಕಣ್ಣು ತಿರುಗಿಸಲಿಲ್ಲ.

"ಏನಾಯ್ತೋ?" ಎಂದಳು ಅಜ್ಜಿ, ಟಿವಿಗೆ ಪಕ್ಕೆ ಕೊಟ್ಟು ಕೂತಲ್ಲಿಂದಲೇ.

"ಬಿದ್ದೆ ಅಜ್ಜಿ."

ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ಯಾವಾಗಲೂ ನೋಡುತ್ತಿದ್ದದ್ದು ಅದನ್ನೇ.

"ಎತ್ತೋರು ಯಾರಪ್ಪ ಈಗ?" ಎಂದಳು.

ಅವನು ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡ. ಆಟ ಅವಸರಿಸಲಿಲ್ಲ. ಹಳೆಯ ಆಟ ಅದು, ಎಷ್ಟು ಹೊತ್ತು ಬೇಕಾದರೂ ಕಾಯುತ್ತಿತ್ತು.